ಆಚೆ ದಡದ ಅಜ್ಜಿ

ಮೊನ್ನೆ ಚಟ್ನಿಗೆಂದು ಪುದೀನ ಬಿಡಿಸುತ್ತಿದ್ದೆ. ಬೆರಳಿಗೆ ಹತ್ತಿದ ಪರಿಮಳ ಮೂಗಿಗೆ ಬಡಿದದ್ದೇ ತಡ, ಅಜ್ಜಿ ಬಂದು ಪಕ್ಕದಲ್ಲಿ ನಿಂತ ಹಾಗಾಯಿತು...

ಡಚ್ಚರ ನಾಡಿನ ವೆಲ್ಡ್‌ಹೋವನ್ ಊರಿನ ನಮ್ಮ ಮನೆಯ ಹಿಂದೆ ಸಣ್ಣ ತೊರೆಯೊಂದಿದೆ. ಅದರಾಚೆ ಅಜ್ಜಿಯ ಮನೆ. ನಿವೃತ್ತ ಡಚ್ ಟೀಚರ್. ನಾನು ಒಮ್ಮೆ 'ಅಜ್ಜಿ' ಎಂದು ಕರೆದು ಅರ್ಥ ಹೇಳಿದೆ ನೋಡಿ, ಆಮೇಲೆ ಹೆಸರು ಹಿಡಿದು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ!

ಕೊರೋನಾ ಕಾಲ. ಯಾರೂ ಯಾರ ಹತ್ತಿರವೂ ಸುಳಿಯುವಂತಿರಲಿಲ್ಲ. ಅಜ್ಜಿ ತೊರೆಯನ್ನೇ ಅಂತರ ಮಾಡಿಕೊಂಡರು. ಅವರು ಆಚೆ ದಡದಲ್ಲಿ, ನಾವು ನಾಲ್ಕಾರು ಮನೆಯವರು ಈಚೆ ದಡದಲ್ಲಿ ದೂರದೂರ ನಿಂತರೆ ಪಾಠ ಶುರು. "ನೀರಿನ ಅಂಚಿನ ಹುಲ್ಲು ಕತ್ತರಿಸ್ಬೇಡಿ. ಮಣ್ಣು ಹಿಡಿದಿಟ್ಟುಕೊಳ್ಳೋದೇ ಬೇರು." ಹಿತ್ತಲು ಒಪ್ಪವಾಗಿರಬೇಕು ಎನ್ನುವ ನನಗೆ ಮೈ ಉರಿಯುತ್ತಿತ್ತು. ಕತ್ತರಿಸದೆ ಬಿಟ್ಟ ಅಂಚಿನಲ್ಲಿ ಕಾಡು ಪುದೀನ ತಾನಾಗಿ ಎದ್ದಾಗ ತೆಪ್ಪಗಾದೆ.

ಬಗ್ಗದವನು ಒಬ್ಬನೇ, ನಮ್ಮ ಪಕ್ಕದ ಹುಲ್ಲುಗಾವಲಿನ ರೈತ. ಅವನ ಹಸುಗಳು ನೀರಿನ ತನಕ ಮೇಯುತ್ತಿದ್ದವು. ಅವನ ದಡಕ್ಕೆಂದೇ ಅಜ್ಜಿ ಬಕೆಟ್ಟುಗಳಲ್ಲಿ, ನೀರಂಚಿನಲ್ಲಿ ಬೆಳೆಯುವ ವಿಲ್ಲೋ ಮರದ ಕಡ್ಡಿಗಳಿಗೆ ಬೇರು ಬರಿಸಿ ಇಟ್ಟಿದ್ದರು. ಚಿಗುರುವ ಮುಂಚೆ ನೆಡಬೇಕಿತ್ತು. ನಾಲ್ಕು ಹೆಜ್ಜೆಗೇ ಏದುಸಿರು ಬರುತ್ತಿದ್ದ ಅಜ್ಜಿಗೆ ಮುಂದಿನ ವರ್ಷದ ನಂಬಿಕೆ ಇರಲಿಲ್ಲ. ಇವನೋ, "ಒಂದಡಿಯೂ ಬಿಡಲ್ಲ. ನನ್ನ ಹಸು ಏನು ತಿನ್ಬೇಕು ಹೇಳಿ?" ಎನ್ನುತ್ತಿದ್ದ. ಎಂಥ ಮೊಂಡ ಅಂತೀರಿ!

ಒಂದು ದಿನ ಅಜ್ಜಿ ವಾದಕ್ಕೇ ಇಳಿಯಲಿಲ್ಲ. "ಅಲ್ಲಿಂದ ಕಾಣಲ್ಲ. ನೀನು ಈ ಕಡೆ ಬಾ, ನಾನು ಆ ಕಡೆ ಬರ್ತೀನಿ" ಎಂದರು.

ಗೊಣಗುತ್ತಲೇ ಅವನು ತೊರೆಯ ಸೇತುವೆ ದಾಟಿ ಆಚೆ ಹೋದ, ಅಜ್ಜಿ ಏದುಸಿರು ಬಿಡುತ್ತ ಈಚೆ ಬಂದರು. ಅಲ್ಲಿ ನಿಂತು ತನ್ನ ದಡವನ್ನು ನೋಡಿದ. ಮೇಲೆ ಹಸಿರು ಹುಲ್ಲು, ಅದರಡಿಯ ಮಣ್ಣನ್ನೆಲ್ಲ ನೀರು ಕೊರೆದುಬಿಟ್ಟಿತ್ತು. ಬೇಲಿಯ ಕಂಬಗಳು ತಂತಿಯಲ್ಲಿ ನೇತಾಡುತ್ತಿದ್ದವು. ಅವನು ನಿಂತಿದ್ದ ಅಜ್ಜಿಯ ದಡ ಮಾತ್ರ ವಿಲ್ಲೋ ಬೇರುಗಳ ಮೇಲೆ ಗಟ್ಟಿಯಾಗಿ ಕೂತಿತ್ತು. ಅಲ್ಲಿಂದಲೇ ಅಜ್ಜಿಗೆ, "ಬೇಲಿ ಎಷ್ಟು ಹಿಂದಕ್ಕೆ ಹಾಕ್ಲಿ?" ಎಂದು ಕೂಗಿದ.

ಆ ವಾರವೇ ಕಡ್ಡಿಗಳೆಲ್ಲ ಮಣ್ಣು ಸೇರಿದವು. ಮುಂದಿನ ಚಳಿಗಾಲದಲ್ಲಿ ಅಜ್ಜಿ ಹೋದರು. ಅಂತ್ಯಕ್ರಿಯೆಗೆ ಎಲ್ಲರೂ ಹೋಗುವಂತಿರಲಿಲ್ಲ. ನಾವು ನಮ್ಮ ದಡದಲ್ಲೇ ದೂರದೂರ ನಿಂತೆವು, ಪಾಠಕ್ಕೆ ನಿಲ್ಲುತ್ತಿದ್ದ ಹಾಗೆ...

ಸೊಪ್ಪು ಅಲ್ಲೇ ಬಿಟ್ಟು ಹಿತ್ತಲಿಗೆ ಹೋದೆ. ರೈತನ ವಿಲ್ಲೋಗಳು ಈಗ ಅವನಿಗಿಂತ ಎತ್ತರ. ಅಜ್ಜಿ ಇದನ್ನು ನೋಡಬೇಕಿತ್ತು ಅನ್ನಿಸಿ ಕಣ್ಣು ತುಂಬಿತು. ಅಷ್ಟರಲ್ಲಿ ಆಚೆಯಿಂದ ಯಾರೋ ಕೂಗಿದ ಹಾಗಾಯಿತು. ರೈತ! ಅಜ್ಜಿ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಈಚೆ ದಡದ ಇನ್ನೊಬ್ಬ ಹೊಲದವನಿಗೆ ಕೈ ಬೀಸುತ್ತಿದ್ದ.

"ಅಲ್ಲಿಂದ ಕಾಣಲ್ಲ ಮಾರಾಯ, ಈ ಕಡೆ ಬಾ!"