ಹಡಪಸರದ ಬಿಸಿಲು, ಕೊಂಕಣದ ನೀರು

ಸರ್ಫಿಂಗ್‌ಗೆ ಹೋಗುವ ಮುನ್ನ ಸಮುದ್ರ ಹೇಗಿದೆಯೆಂದು ನೋಡುವುದು ನಮ್ಮ ಮನೆಯಲ್ಲಿ ನನ್ನ ಕೆಲಸ. ಕಳೆದ ಶನಿವಾರ ಬೆಳಿಗ್ಗೆ ಮೂರು ಆ್ಯಪ್ ತೆರೆದೆ. ಒಂದರಲ್ಲಿ ಅಲೆ ಸೊಂಟದೆತ್ತರ, ಇನ್ನೊಂದರಲ್ಲಿ ಮೊಣಕಾಲೆತ್ತರ, ಮೂರನೆಯದರಲ್ಲಿ ಬರೀ ಒಂದು ನಗುಮುಖ. ಗಾಳಿ, ಉಬ್ಬರ, ಇಳಿತ ಎಲ್ಲ ಸಿಗುತ್ತವೆ. ನೀರು ಶುದ್ಧವಿದೆಯೇ ಎಂಬುದು ಮಾತ್ರ ಎಲ್ಲೂ ಇಲ್ಲ.

ನನಗೆ ಬೇಕಾಗಿದ್ದು ಅದೊಂದೇ. ಹೋದ ವರ್ಷ ದಸರೆಗೆ ಮುಂಚೆ, ನಾವು ಯಾವಾಗಲೂ ಹೋಗುವ ಕೊಂಕಣದ ದಂಡೆಯಲ್ಲಿ, ಹೊಳೆ ಸಮುದ್ರ ಸೇರುವ ಕಡೆ, ಮಗಳನ್ನು ಬೋರ್ಡಿನ ಮೇಲೆ ಮಲಗಿಸಿ ತಳ್ಳಿದ್ದೆ. ಮಳೆ ಬಂದರೆ ಆ ಹೊಳೆ ಊರಿನ ಕೊಳೆಯನ್ನೆಲ್ಲ ಅಲ್ಲಿಗೆ ತಂದು ಸುರಿಯುತ್ತದೆ. ಎರಡೇ ದಿನದಲ್ಲಿ ಅವಳ ಕಿವಿ ಸೋರತೊಡಗಿತು. ಇನ್ನೊಮ್ಮೆ ಹಾಗಾದರೆ ಬೋರ್ಡ್ ಮಾರಿಬಿಡುವುದೆಂದು ಹೆಂಡತಿ ಹೇಳಿಟ್ಟಿದ್ದಾಳೆ.

"ಹೋದ ಸಲನೂ ನೋಡಿಕೊಂಡs ಹೋಗಿದ್ವಿ," ಎಂದೆ ಅವಳಿಗೆ. "ಮೂರು ದಿನದಿಂದ ಮಳಿ ಇರಲಿಲ್ಲ. ನನಗ ಛೊಲೋ ನೆನಪದ."

"ಪುರಾವೆ ಏನ್ರಿ? ಊರ ಮಂದಿಗೆಲ್ಲಾ ಪುರಾವೆ ಕೇಳ್ತೀರಲ್ಲ."

ಸಿಟ್ಟಿನಿಂದ ಫೋನಿನಲ್ಲಿ ಆ ದಿನಗಳ ಫೋಟೊ ಹುಡುಕಿದೆ. ಬಿಸಿಲು ಇದ್ದದ್ದು ನಿಜ. ಆದರೆ ಇಲ್ಲಿ, ಪುಣೆಯ ಹಡಪಸರದಲ್ಲಿ, ನಮ್ಮ ಬಾಲ್ಕನಿಯಲ್ಲಿ, ಒಣಹಾಕಿದ ಬಟ್ಟೆಗಳ ಮೇಲೆ. ಘಟ್ಟ ಇಳಿದರೆ ಬೇರೆಯೇ ಮಳೆಗಾಲ ಎಂಬುದು ಪುಣೆಯ ಮಕ್ಕಳಿಗೂ ಗೊತ್ತು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು ಮನೆಯ ಬಾಲ್ಕನಿ ನೋಡಿ ಕೊಂಕಣದ ಹವಾಮಾನ ತೀರ್ಮಾನಿಸಿದ್ದೆ! ಅಥವಾ ಅಂದು ಅಲ್ಲಿಗೆ ಫೋನ್ ಮಾಡಿ ಕೇಳಿಯೂ ಇದ್ದೆನೇ? ಕೇಳಿದಂತೆಯೂ ನೆನಪಿದೆ. ಆ ನೆನಪನ್ನು ನಂಬುವುದಾದರೂ ಹೇಗೆ?

ಈ ಸಲ ದಂಡೆಯಲ್ಲಿ ನಾವು ಉಳಿದುಕೊಳ್ಳುವ ಮನೆಯ ಯಜಮಾನರಿಗೆ ಫೋನ್ ಹಚ್ಚಿದೆ. ಎರಡು ದಿನದಿಂದ ಮಳೆ, ನೀರು ಚಹಾದ ಬಣ್ಣಕ್ಕೆ ತಿರುಗಿದೆ, ಆದರೂ ಬನ್ನಿ, ಮಂದಿ ಈಜುತ್ತಲೇ ಇದ್ದಾರೆ ಎಂದು ಮರಾಠಿಯಲ್ಲಿ ಹೇಳಿದರು.

ಹನ್ನೆರಡು ವರ್ಷದ ಮಗಳು ಈಜುಡುಗೆ ತೊಟ್ಟು ಬಾಗಿಲಲ್ಲೇ ನಿಂತಿದ್ದಳು.

"ಇವತ್ತ ಬ್ಯಾಡ ಪುಟ್ಟಿ. ನೀರು ಹೊಲಸ ಆಗೇದ."

"ಪಪ್ಪಾ, ನಿನ್ನ ಮಾತು ಬ್ಯಾಡ. ಫೋನ್ ಕೊಡು."

ಅದೇ ಯಜಮಾನರಿಗೆ ಮತ್ತೆ ಫೋನ್ ಮಾಡಿ, ನನಗಿಂತ ಚುರುಕಾದ ಮರಾಠಿಯಲ್ಲಿ, ಈಗಿಂದೀಗಲೇ ನೀರಿನ ಫೋಟೊ ಕಳಿಸಿ ಎಂದಳು. ಬಂತು: ಕಂದು ನೊರೆ, ತೇಲುವ ಒಂದು ಹವಾಯಿ ಚಪ್ಪಲಿ. ಎರಡು ಬೆರಳಿನಿಂದ ಹಿಗ್ಗಿಸಿ ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿದ್ದವು. ಬಟ್ಟೆ ಬದಲಿಸಲು ಒಳಗೆ ಹೋದವಳು ಅಲ್ಲಿಂದಲೇ ಕೂಗಿದಳು:

"ಮುಂದಿನ ವಾರ ನಾನs ಕೇಳ್ತೀನಿ. ನೀ ಏನೂ ನೆನಪ ಇಟ್ಕೋಬ್ಯಾಡ."