ಮಾವನ ಗುಮಟೆಗೆ ಕೊಡದ ಬೆಂಕಿ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದ ಐಶ್ವರ್ಯವೆಂದರೆ ಎರಡು ಟ್ಯೂಬ್ ಮೈಕುಗಳು. ಕ್ಯಾಸೆಟ್ಟು ಹೋಗಿ ಸೀಡಿ ಬಂದಿದ್ದ ಕಾಲ. ಕಾರವಾರದ ಹಬ್ಬುವಾಡದಲ್ಲಿ ಬಾಡಿಗೆ ಮನೆಯ ಮಾಳಿಗೆಯ ಗೋಡೆಗೆಲ್ಲ ಹತ್ತಿಯ ಹಾಸಿಗೆ ಕಟ್ಟಿ ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದೆ. ಮುಂಬೈಯಿಂದ ಸೆಕೆಂಡ್‌ಹ್ಯಾಂಡ್ ತಂದ ಆ ಜೋಡಿ ಮೈಕುಗಳ ಒಳಗೆ ಅಗಲವಾದ ತೆಳು ಪೊರೆ, ಅದರ ಕೆಳಗೆ ಹಳೇ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ವಾಲ್ವು. ಸಮುದ್ರದ ಗಾಳಿಗೆ ಪೊರೆ ತೇವವಾದರೆ ಚಿಟಿಚಿಟಿ ಸದ್ದು. ಹೊಗೆ ಕೂತರೆ ಕೆಟ್ಟೇ ಹೋಯಿತು. ಹಾಗಾಗಿ ಕೋಣೆಯಲ್ಲಿ ಊದಿನಕಡ್ಡಿ ಹಚ್ಚಲೂ ಬಿಡುತ್ತಿರಲಿಲ್ಲ. ದೇವರಿಗಿಂತ ಮೈಕು ದೊಡ್ಡದಾಗಿತ್ತು ನನಗೆ.

ಅಂಕೋಲಾದ ಅಗಸೂರಿನಲ್ಲಿ ಅಮ್ಮನ ಅಣ್ಣ, ನನ್ನ ಮಾವ, ಗುಮಟೆ ಬಾರಿಸುತ್ತಿದ್ದರು. ಮಣ್ಣಿನ ಗಡಿಗೆಯ ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ಖಾಲಿ. ಬಲಗೈ ಚರ್ಮದ ಮೇಲೆ ಆಡಿದರೆ ಎಡಗೈ ಆ ಖಾಲಿ ಬಾಯಿಯನ್ನು ಮುಚ್ಚಿ ತೆರೆದು ನಾದವನ್ನು ತಿರುಗಿಸುತ್ತದೆ. ಆ ವರ್ಷ ಅವರ ಎಡಗೈಗೆ ನಡುಕ ಶುರುವಾಗಿತ್ತು.

"ಕೈ ಹೋಗೂಕಿಂತ ಮುಂಚೆ ಒಂದ್ಸಲ ಹಿಡಿದಿಡು, ತಮಾ. ಆಮೇಲೆ ಕೇಳ್ಕಂಡಾದ್ರೂ ಇರ್ತೆ," ಎಂದರು.

ಶ್ರಾವಣದ ಮಳೆಯಲ್ಲಿ ಗುಮಟೆಯನ್ನು ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿಗೆ ಬಂದರು. ಒಂದು ಮೈಕನ್ನು ಚರ್ಮದ ಕಡೆಗೂ ಇನ್ನೊಂದನ್ನು ಎಡಗೈ ಕಡೆಗೂ ನಿಲ್ಲಿಸಿದೆ.

"ಅರ್ಧ ತಾಸು ಕೂತ್ಕಳಿ ಮಾವ. ಬಿಸಿ ಆಗದೇ ಹೋದ್ರೆ ಇವು ಸರಿ ಹಿಡಿಯೂದಿಲ್ಲ," ಎಂದೆ, ಜಂಬದಿಂದ.

ಮಾವ ನಕ್ಕರು. "ಹೌದೇನೋ? ಹಂಗಾರೆ ಅದೂ ನಮ್ಮ ಗುಮಟೆ ಹಾಂಗೇ ಆಯ್ತಲ!"

ಬೆರಳಿನಿಂದ ಚರ್ಮ ತಟ್ಟಿ ನೋಡಿದರು. ಒದ್ದೆ ಗೋಣಿ ತಟ್ಟಿದಂತಿತ್ತು. ಮಳೆಗಾಲದಲ್ಲಿ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡದೆ ಗುಮಟೆಯನ್ನು ಯಾರೂ ಬಾರಿಸುವುದಿಲ್ಲ; ನಮ್ಮ ಕಡೆ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಅವರು ಕೇಳಿದ್ದು ತೆಂಗಿನ ಗೆರಟೆ ಸುಡಲು ಒಂದಿಷ್ಟು ಜಾಗ. ಕೆಳಗೆ ಅಂಗಳದ ಮಾಡಿನಡಿ ಒಲೆಯೇ ಇತ್ತು. ಹೊಗೆ ಕಿಟಕಿಯಿಂದ ಮೇಲೆ ಬಂದೀತು ಎಂದು ನಾನು ಬಿಡಲಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡುತ್ತೇನೆಂದೆ. ಮಾವ ತಲೆ ಬಗ್ಗಿಸಿ ಬಾರಿಸಿದರು.

ದೀಪಾವಳಿಗೆ ಮುಂಚೆ ಲಕ್ವಾ ಹೊಡೆದು ಎಡಗೈ ಪೂರ್ತಿ ಬಿದ್ದುಹೋಯಿತು. ಸೀಡಿ ಹಿಡಿದುಕೊಂಡು ಅಗಸೂರಿಗೆ ಹೋದೆ. ಮಾವ ಕಣ್ಣು ಮುಚ್ಚಿ ಕೇಳಿದರು.

"ಇದ್ಯಾರು ಬಾರ್ಸಿದ್ದು, ತಮಾ?"

ತಮಾಷೆಗೆ ಕೇಳುತ್ತಿಲ್ಲವೆಂದು ಅತ್ತೆಯ ಮುಖ ನೋಡಿ ತಿಳಿಯಿತು. ಊಟಕ್ಕೂ ನಿಲ್ಲದೆ ವಾಪಸು ಬಸ್ಸು ಹತ್ತಿದೆ.

ಕಂಪ್ಯೂಟರಿನಲ್ಲಿ ಏನೆಲ್ಲ ತಿರುವಿದರೂ ಸಡಿಲ ಚರ್ಮ ಬಿಗಿಯಾಗಿರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಮೈಕು ತಯಾರಾಗಿದೆಯೇ ಎಂದು ನೋಡಲು ಅವತ್ತು ಮಾಡಿದ್ದ ಮೊದಲ ರೆಕಾರ್ಡು, ಸೀಡಿಗೆ ಹಾಕುವಾಗ ಕತ್ತರಿಸಿ ತೆಗೆದದ್ದು, ಈಗಲೂ ನನ್ನ ಹತ್ತಿರವಿದೆ. ಅದರಲ್ಲಿ ಮಾವ ಎದುರಿಗೇ ಕೂತಂತೆ ಮಾತಷ್ಟೇ ಅಲ್ಲ, ಉಸಿರೂ ಕೇಳಿಸುತ್ತದೆ. ಅಷ್ಟು ಒಳ್ಳೆಯ ಮೈಕುಗಳು.

"ಎರಡೇ ಗೆರಟೆ, ತಮಾ. ಐದು ನಿಮಿಷ ಆಗೂದಿಲ್ಲ."

"ಬೇಡ ಮಾವ. ಮೈಕು ಬಿಸಿ ಆಯ್ತು. ಹಾಂಗೇ ಬಾರ್ಸಿ."