ಟೆಂಟಿನ ಮೈಕಿನಲ್ಲಿ ಹೇಳಿದ ಮೂರು ಹೆಸರು

೧೯೫೮ರ ಬೇಸಿಗೆ. ನಾನು ಒಂದು ಟೂರಿಂಗ್ ಟಾಕೀಸಿನಲ್ಲಿ ಸಹಾಯಕ ಆಪರೇಟರ್. ಶಿಕಾರಿಪುರದಲ್ಲಿ ಮೂರು ವಾರ ಆಟ ತೋರಿಸಿ, ಟೆಂಟು ಬಿಚ್ಚಿ ಲಾರಿಗೆ ಹೇರಿಕೊಂಡು ಸೊರಬಕ್ಕೆ ಬಂದಿದ್ದೆವು. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಜನಕ್ಕೂ ಜ್ವರ ಹತ್ತಿದೆ ಎಂದು ಎಲ್ಲರೂ ಹೆದರಿದ್ದ ಕಾಲ. ನಾನಂತೂ ಮರದ ಮೇಲೆ ಗಟ್ಟಿಮುಟ್ಟಾಗಿ ಕೂತ ಮಂಗ ಕಂಡರೂ ಕೈಮುಗಿದು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದೆ. ಆದರೆ ಆ ಊರಲ್ಲಿ ನನ್ನ ಜೀವಕ್ಕೆ ಸಂಚಕಾರ ಬಂದದ್ದು ಮಂಗದಿಂದಲ್ಲ, ನನ್ನ ಬಾಯಿಂದ.

ನಮ್ಮದು ಒಂದೇ ಪ್ರೊಜೆಕ್ಟರ್. ಒಂದು ರೀಲು ಮುಗಿದರೆ ದೀಪ ಹಾಕಿ, ಇನ್ನೊಂದು ರೀಲು ಏರಿಸಿ, ಬೆಳಕು ಕೊಡುವ ಕಾರ್ಬನ್ ಕಡ್ಡಿ ಸರಿಮಾಡಿ ಮತ್ತೆ ಶುರುಮಾಡಲು ನಾಲ್ಕೈದು ನಿಮಿಷ ಬೇಕು. ಹಿಂದಿ ಚಿತ್ರವಾದರೆ ಆ ಬಿಡುವಿನಲ್ಲಿ ಒಬ್ಬರು ಮೈಕಿನಲ್ಲಿ ಕನ್ನಡದಲ್ಲಿ ಕಥೆ ಹೇಳಬೇಕು. ಆ ಕೆಲಸ ನನಗೆ ಸಿಕ್ಕಿತ್ತು. ಹಿಂದಿ ಪರೀಕ್ಷೆಗೆ ಎರಡು ಸಲ ಕೂತಿದ್ದೇನೆ ಎಂದು ಮಾಲೀಕರಿಗೆ ಹೇಳಿದ್ದೆ. ಎರಡು ಸಲ ಯಾಕೆ ಕೂತೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಗ ಓಡುತ್ತಿದ್ದ ಚಿತ್ರದಲ್ಲಿ ಇಬ್ಬರು ಗೆಳೆಯರು, ಒಬ್ಬಳೇ ಹುಡುಗಿ. ಒಬ್ಬನಿಗೆ ಅವಳನ್ನು ಕೊಡುವುದೆಂದು ಮಾತಾಗಿದೆ, ಇನ್ನೊಬ್ಬ ಹೊಳೆ ದಂಡೆಯಲ್ಲಿ ಕೂತು ಹಾಡುತ್ತಾನೆ. ನನಗೆ ತಿಳಿದದ್ದು ಇಷ್ಟು; ಮಿಕ್ಕಿದ್ದೆಲ್ಲ ನನ್ನ ಸ್ವಂತ. ಹಿಂದಿ ಹೆಸರು ಜನರ ನೆನಪಿನಲ್ಲಿ ಉಳಿಯುವುದಿಲ್ಲವೆಂದು ಪಾತ್ರಗಳಿಗೆ ಆಯಾ ಊರಿನ ಹೆಸರನ್ನೇ ಇಡುತ್ತಿದ್ದೆ. ಇದಕ್ಕೊಂದು ಕ್ರಮವಿತ್ತು. ಮೂರು ಹೆಸರನ್ನು ಮೂರು ಕಡೆಯಿಂದ ತರಬೇಕು. ಶಿಕಾರಿಪುರದಲ್ಲಿ ಒಂದನ್ನು ಕ್ಷೌರದಂಗಡಿಯಲ್ಲಿ, ಒಂದನ್ನು ಸಂತೆಯಲ್ಲಿ, ಹುಡುಗಿಯ ಹೆಸರನ್ನು ಹೂ ಮಾರುವವಳ ಹತ್ತಿರ ಹೆಕ್ಕಿದ್ದೆ. ಒಂದಕ್ಕೊಂದು ಸಂಬಂಧವಿಲ್ಲದ್ದರಿಂದ ಯಾರಿಗೂ ಚುಚ್ಚುತ್ತಿರಲಿಲ್ಲ. “ಯವ್ವಾ ಗೌರಿ, ಆ ಉದ್ದನ್ನವನ್ನ ನಂಬಬ್ಯಾಡ!” ಎಂದು ಉಡುತಡಿಯಿಂದ ಬಂದಿದ್ದ ಅಜ್ಜಿಯೊಬ್ಬಳು ಪರದೆಗೇ ಕೂಗಿ ಹೇಳಿದ್ದಳು.

ಸೊರಬದಲ್ಲಿ ಮೊದಲ ದಿನ ಬಿಸಿಲು ಜೋರು, ನನ್ನ ಸೋಮಾರಿತನ ಅದಕ್ಕಿಂತ ಜೋರು. ಹೋಟೆಲಿನಲ್ಲಿ ಎದುರಿಗೆ ಕೂತು ಚಹಾ ಕುಡಿಯುತ್ತಿದ್ದ ಒಬ್ಬ ಯುವಕನಿಗೆ ವಿಷಯ ವಿವರಿಸಿ, ಮೂರೂ ಹೆಸರನ್ನು ಅವನನ್ನೇ ಕೇಳಿಬಿಟ್ಟೆ. ಅವನು ಲೋಟ ಕೆಳಗಿಟ್ಟು ನನ್ನ ಕಡೆ ಬಾಗಿದ.

“ಹುಡ್ಗಿಗೆ ಯಶೋದೆ ಅಂತ ಇಡಿ. ಮಾತಾದವ್ನು ಕುಪ್ಪಗಡ್ಡೆ ಊರಿನ ತಿಮ್ಮಪ್ಪ. ಇನ್ನೊಬ್ಬ ಕೆರಿಯಪ್ಪ. ಅವಳ ಮನ್ಸೆಲ್ಲ ಕೆರಿಯಪ್ಪನ ಮೇಲೇ ಅನ್ನಿ, ಜನಕ್ಕೆ ಹಿಡಿಸ್ತದೆ.”

ಹೆಸರಿನ ಜತೆಗೆ ಕಥೆಯನ್ನೂ ಕೊಟ್ಟ ಪುಣ್ಯಾತ್ಮ ಎಂದು ನಾನು ಕುಣಿಯುತ್ತ ಟೆಂಟಿಗೆ ಬಂದೆ.

ಸಂಜೆಯ ಆಟದಲ್ಲಿ ಮೊದಲ ರೀಲು ಮುಗಿದು ದೀಪ ಬಂತು. “ಯಶೋದೆಗೆ ಕುಪ್ಪಗಡ್ಡೆ ತಿಮ್ಮಪ್ಪನ ಜತೆ ಮಾತಾಗಿದೆ. ಆದರೆ ಅವಳು ಕದ್ದು ಕಾಣುವುದು ಕೆರಿಯಪ್ಪನನ್ನ!” ಎಂದೆ. ಕಂಬದ ಪಕ್ಕದ ಒಬ್ಬನ ಹೊರತು ಯಾರೂ ನಗಲಿಲ್ಲ. ನೆಲದ ಮೇಲೆ ಕೂತಿದ್ದವರೆಲ್ಲ ಒಟ್ಟಿಗೆ ಹೆಂಗಸರ ಕಡೆ ತಿರುಗಿದರು. ತಮಾಷೆ ಅರ್ಥವಾಗಿಲ್ಲವೇನೋ ಎಂದು ನಾನು ಇನ್ನೂ ಬಿಡಿಸಿ, ಎರಡೆರಡು ಸಲ ಹೇಳಿದೆ. ನನ್ನ ಬುದ್ಧಿ ಅಷ್ಟು ಚುರುಕು.

ಎರಡನೇ ರೀಲು ಓಡುತ್ತಿದ್ದಾಗ ಪ್ರೊಜೆಕ್ಟರ್ ಇದ್ದ ಕ್ಯಾಬಿನ್ನಿನ ತಗಡಿನ ಬಾಗಿಲು ತೆರೆಯಿತು. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ ದೊಡ್ಡ ಆಳು. ಅವನು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು.

“ಯಶೋದೆ ನನ್ ತಂಗಿ. ತಿಮ್ಮಪ್ಪನ ಅಪ್ಪ ಮದುವೆ ದಿನ ಗೊತ್ತು ಮಾಡಕ್ಕೆ ಇವತ್ತು ಬಂದಾರೆ. ನೆಂಟ್ರು ಅಂತ ನಾವೇ ಸಿನ್ಮಕ್ಕೆ ಕರ್ಕಂಡ್ ಬಂದೀವಿ. ನಿಂಗೆ ಯಾರು ಹೇಳಿದ್ರಾ ಇದ್ನ?”

“ಕಥೆ ಅಣ್ಣಾ… ಚಿತ್ರದ ಕಥೆ…”

“ಹಿಂದಿ ಚಿತ್ರದಲ್ಲಿ ಕುಪ್ಪಗಡ್ಡೆ ಐತೇನಾ?”

ನಾನು ಓಡುತ್ತಿದ್ದ ರೀಲಿನ ಕಡೆ ತಿರುಗಿಕೊಂಡೆ.

“ಈ ಸಂಬಂಧ ಮುರಿದ್ರೆ ಅವಳು ಬಾವಿ ಹಾರ್ತಾಳೆ. ಆಮೇಲೆ ನಿನ್ನ ನಾನು ನೋಡ್ಕಂತೀನಿ. ರೀಲು ಮುಗಿದ ಕೂಡ್ಲೆ ಸರಿ ಮಾಡು” ಎಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಒಂದು ರೀಲು ಅಂದರೆ ಹತ್ತು ನಿಮಿಷ. ಪರದೆಯ ಮೇಲೆ ಆ ಹುಡುಗಿ ಎರಡನೆಯವನ ಜತೆ ದೋಣಿಯಲ್ಲಿ ಕೂತು ನಗುತ್ತಿದ್ದಳು. ಇಡೀ ಟೆಂಟು ಅವಳನ್ನು ಯಶೋದೆಯೆಂದೇ ನೋಡುತ್ತಿತ್ತು. ಅವಳು ಅವನ ಭುಜಕ್ಕೆ ಒರಗಿದಳು. ಪ್ರೊಜೆಕ್ಟರಿನ ಕಿಂಡಿಯಿಂದ ಹೆಂಗಸರ ಕಡೆ ಇಣುಕಿದೆ. ಒಬ್ಬಳು ಮುಖಕ್ಕೆ ಸೆರಗೆಳೆದು, ಮಂಡಿಗೆ ತಲೆಯಿಟ್ಟು ಕೂತಿದ್ದಳು. ಒತ್ತೊತ್ತಾಗಿ ಕೂತಿದ್ದ ಹೆಂಗಸರು ಅವಳನ್ನು ಬಿಟ್ಟು ದೂರ ಸರಿದಿದ್ದರು. ಅವಳ ಸುತ್ತ ನೆಲ ಕಾಣುತ್ತಿತ್ತು.

ಹೊಸ ಸುಳ್ಳುಗಳನ್ನು ಹೊಸೆದು ನೋಡಿದೆ. ಇವಳು ಬೇರೆ ಯಶೋದೆ ಅನ್ನಲೇ? ಕೆರಿಯಪ್ಪ ಅವಳ ಅಣ್ಣ ಅನ್ನಲೇ? ದೋಣಿಯಲ್ಲಿ ಅವರು ಹಾಡಿದ್ದನ್ನು ನೋಡಿದ ಮೇಲೆ ಅಣ್ಣ ಎಂದರೆ ಕತ್ತಿ ಬೇಡ, ಜನರೇ ಸಾಕು. ರೀಲು ಮುಗಿಯಿತು. ದೀಪ ಬಂತು. ಮೈಕನ್ನು ಬಾಯಿಗೆ ತಂದೆ.

“ಸ್ವಾಮಿ, ನನಗೆ ಹಿಂದಿ ಬರಲ್ಲ. ಹೇಳಿದ್ದೆಲ್ಲ ನಾನೇ ಕಟ್ಟಿದ ಸುಳ್ಳು. ಆ ಹೆಸರು ಯಾವುದೂ ಈ ಚಿತ್ರದಲ್ಲಿಲ್ಲ.”

ಮಾಲೀಕರು ಗೇಟಿನಲ್ಲೇ ತಲೆಗೆ ಕೈ ಹೊತ್ತರು. ನನ್ನ ಮಾನ ಹೋಯಿತು, ಜೀವ ಉಳಿಯಿತು ಅಂದುಕೊಂಡೆ. ಅಷ್ಟರಲ್ಲಿ ಮುಂದಿನ ಕುರ್ಚಿಯಿಂದ ಬಿಳಿ ಮೀಸೆಯ ಹಿರಿಯರೊಬ್ಬರು ಎದ್ದರು. ತಿಮ್ಮಪ್ಪನ ಅಪ್ಪ.

“ನೀವು ಪರವೂರಿನೋರು. ನನ್ ಮಗನ ಹೆಸ್ರು, ಆ ಹುಡ್ಗಿ ಹೆಸ್ರು ಒಟ್ಟಿಗೆ ನಿಮ್ ಬಾಯಿಗೆ ಹೆಂಗ್ ಬಂತ್ರೀ?”

“ಹೋಟೆಲಲ್ಲಿ ಒಬ್ಬರು ಹೇಳಿದರು” ಎಂದೆ.

“ಇಲ್ಲಿದಾರಾ ಅವ್ರು?”

ಇದ್ದ. ಕಂಬದ ಪಕ್ಕದ ಬೆಂಚಿನಲ್ಲಿ. ಮೊದಲ ರೀಲಿನ ನಂತರ ಇಡೀ ಟೆಂಟಿನಲ್ಲಿ ನಗುತ್ತಿದ್ದವನು ಅವನೊಬ್ಬನೇ. ನನ್ನ ತಮಾಷೆಗೆ ನಗುತ್ತಿದ್ದಾನೆ ಎಂದು ನಾನು ಹಿಗ್ಗಿದ್ದೆ. ತೋರಿಸಿದರೆ ಅವನು ಬಿಡುವುದಿಲ್ಲ, ತೋರಿಸದಿದ್ದರೆ ಬೆನ್ನ ಹಿಂದಿನ ಕತ್ತಿ ಬಿಡುವುದಿಲ್ಲ. ಧೈರ್ಯ ಬಂದು ಅಲ್ಲ, ಕತ್ತಿ ಹೆಚ್ಚು ಹತ್ತಿರವಿದ್ದುದರಿಂದ ಕಿಂಡಿಯಿಂದ ಕೈ ಚಾಚಿ ಬೆರಳು ತೋರಿಸಿದೆ.

ಹಿಂದಿನಿಂದ ಯಶೋದೆಯ ಅಣ್ಣ ಗುರುತಿಸಿ ಕೂಗಿದ. “ಕೆರಿಯಪ್ಪ!”

ತನ್ನ ಹೆಸರನ್ನು ತಾನೇ ಕೊಟ್ಟಿದ್ದ. ಹೆಂಗಸರ ಕಡೆಯಿಂದ ಒಂದು ಗಂಟಲು ಎದ್ದಿತು: “ಹೆಣ್ಣು ಕೇಳಿ ಬಂದಾಗ ಕೊಡ್ಲಿಲ್ಲ ಅಂತ ಇಂಥ ಕೆಲ್ಸ ಮಾಡ್ತ್ಯೇನಾ, ಹಾಳಾದವ್ನೆ!” ಜನ ಏಳುವ ಮೊದಲೇ ಅವನು ಟೆಂಟಿನ ಬಟ್ಟೆ ಎತ್ತಿ ಹೊರಗೆ ನುಸುಳಿದ. ಅಣ್ಣ ಅವನ ಹಿಂದೆ ಓಡಿದ. ಕತ್ತಿಗೆ ಕೆಲಸ ಬೀಳಲಿಲ್ಲ, ಅವನು ಕೈಗೆ ಸಿಗಲಿಲ್ಲ ಎಂದು ಆಮೇಲೆ ತಿಳಿಯಿತು.

ಹಿರಿಯರು ನನ್ನ ಕಡೆ ತಿರುಗಿ, “ಸಿನ್ಮಾ ಹಾಕ್ರೀ. ಮದುವೆ ದಿನ ನಾಳೆ ಬೆಳಿಗ್ಗೆ ಗೊತ್ತು ಮಾಡನ” ಎಂದು ಕೂತರು. ಹೆಂಗಸರು ಒಬ್ಬೊಬ್ಬರಾಗಿ ಯಶೋದೆಯ ಹತ್ತಿರಕ್ಕೆ ಸರಿದು ಕೂತರು. ಉಳಿದ ರೀಲುಗಳಿಗೆ ನಾನು ಬಾಯಿ ತೆರೆಯಲಿಲ್ಲ. ಯಾರೂ ಕೇಳಲೂ ಇಲ್ಲ.

ಆಟ ಬಿಟ್ಟಾಗ ತಾಯಿಯ ಜತೆ ಅವಳು ಕ್ಯಾಬಿನ್ನಿನ ಮುಂದೆಯೇ ಹಾದುಹೋದಳು. ಕಾಲಿಗೆ ಬೀಳೋಣವೆಂದು ಇಳಿದೆ. “ಅಕ್ಕಾ, ತಪ್ಪಾಯ್ತು. ಎಲ್ಲ ಸರಿಹೋಯ್ತಲ್ಲ” ಎಂದೆ.

ಅವಳು ಸೆರಗು ಸರಿಸಿ ನನ್ನನ್ನು ನೋಡಿದಳು. “ಮಾವ ನಿಮ್ಮನ್ನ ಕೇಳಿದ್ರು. ನೀವು ಬೆರಳು ತೋರಿಸಿದ್ರಿ, ನಂಬಿದ್ರು. ಅವ್ನು ಇವತ್ತು ಸಿನ್ಮಕ್ಕೆ ಬರದೇ ಇದ್ದಿದ್ರೆ? ನನ್ನನ್ನ ಯಾರೂ ಏನೂ ಕೇಳ್ಲಿಲ್ಲ.”

ತಾಯಿ ಕೈ ಹಿಡಿದೆಳೆದಳು.

ಇದಾಗಿ ಎರಡು ವರ್ಷ. ಮದುವೆ ನಡೆಯಿತೆಂದು ಕೇಳಿದ್ದೇನೆ. ನನ್ನ ಕೆಲಸವೂ ಉಳಿದಿದೆ. ನನಗಿಂತ ಹೆಚ್ಚು ಹಿಂದಿ ಬರುವವನು ಮಾಲೀಕರಿಗೆ ಸಿಗಲಿಲ್ಲ. ಕಥೆ ಹೇಳುವಾಗ ಈಗ “ಹುಡುಗಿ”, “ಉದ್ದನೆಯವನು”, “ಗುಂಗುರು ಕೂದಲಿನವನು” ಎನ್ನುತ್ತೇನೆ. ಸಪ್ಪೆಯಾಯಿತು ಎಂದು ಜನ ಗೊಣಗುತ್ತಾರೆ, ಗೊಣಗಲಿ. ಟೆಂಟಿನಲ್ಲಿ ಮೈಕು ಇರುವುದು ಒಂದೇ. ಅದರಲ್ಲಿ ಒಬ್ಬಳ ಹೆಸರು ಕೂಗಿದರೆ, ನೆಲದ ಮೇಲೆ ಕೂತ ಅವಳ ದನಿ ಎದ್ದು ಬಂದು ಅದನ್ನು ಅಳಿಸಲಾರದು. ಈ ಕೆಲಸ ನನಗೆ ಕಲಿಸಿದ್ದು ಅದೊಂದನ್ನೇ. ಈಗಲೂ ನನ್ನ ಮಾತಿಗೆ ನಗು ಬರುವುದು ಒಂದು ಕ್ಷಣ ತಡವಾದರೆ ಕಿಂಡಿಗೆ ಕಣ್ಣಿಟ್ಟು ಮೊದಲು ಹೆಂಗಸರ ಕಡೆ ನೋಡುತ್ತೇನೆ.